ಹಳೇ ಉಕ್ಕಿನ ಭಾಗ ಪೆಡಸಾಗಿದೆಯಾ ಅಂತ ತಿಳಿಯಬೇಕು, ದೊಡ್ಡ ತುಂಡು ಕತ್ತರಿಸಲು ಆಗುವುದಿಲ್ಲ. ರೂಮ್ ಟೆಂಪರೇಚರ್‌ನಲ್ಲಿ ಮೂರು ಪುಟ್ಟ ಬಿಲ್ಲೆ ಪರೀಕ್ಷಿಸಿದರೆ ಸಾಕಾ?

ಸಾಲದು. ನಾನೂ ಮೂರೇ ಒತ್ತಿದ್ದೆ, ಧೈರ್ಯಕ್ಕೆ ಇನ್ನೊಂದನ್ನು −100 ಡಿಗ್ರಿಯಲ್ಲಿ.

ನಮ್ಮದು ಟರ್ಬೈನ್ ಕೇಸಿಂಗಿನ ಬೋಲ್ಟುಗಳು. ವರ್ಷಗಟ್ಟಲೆ 500 ಡಿಗ್ರಿ ಆಸುಪಾಸಿನಲ್ಲಿ ಇದ್ದವು. ಆ ಬಿಸಿಯಲ್ಲಿ ಉಕ್ಕಿನೊಳಗಿನ ರಂಜಕ, ತವರ ನಿಧಾನವಾಗಿ ಹರಳುಗಳ ಅಂಚಿಗೆ ಬಂದು ಸೇರುತ್ತವೆ, ಹರಳುಗಳ ಹಿಡಿತ ಸಡಿಲವಾಗುತ್ತದೆ. ಒಂದು ಬೋಲ್ಟಿನ ತುದಿಯಿಂದ 8 ಮಿ.ಮೀ. ಅಗಲ, 0.5 ಮಿ.ಮೀ. ದಪ್ಪದ ಬಿಲ್ಲೆಗಳನ್ನು ತೆಗೆದು, 2.5 ಮಿ.ಮೀ. ಗುಂಡಿನಿಂದ ಒತ್ತಿದೆ. ನಾಲ್ಕೂ ಟೋಪಿಯ ಹಾಗೆ ಉಬ್ಬಿ, ಸುತ್ತಲೂ ಬಳೆಯಂತೆ ಬಿರಿದವು. ಪೆಡಸಾಗಿದ್ದರೆ ನಕ್ಷತ್ರದ ಹಾಗೆ ಸೀಳಬೇಕಿತ್ತು. "−100ರಲ್ಲೂ ಬಾಗುತ್ತಿದೆ, ಚಿಂತೆಯಿಲ್ಲ" ಅಂತ ವರದಿ ಬರೆದೆ.

ಮತ್ತೆ ಜೋಡಿಸುವಾಗ, ತಣ್ಣಗಿದ್ದ ಬೋಲ್ಟೊಂದು ಬಿಗಿಯುತ್ತಿದ್ದಂತೆ ಟಪ್ಪಂತ ತುಂಡಾಯಿತು. ಮುರಿದ ಮುಖ ಕಲ್ಲುಸಕ್ಕರೆಯ ಹಾಗೆ ಮಿನುಗುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಷ್ಟೂ ಬೋಲ್ಟು ಬದಲಿಸಬೇಕಾಯಿತು. ಆ ತುಂಡಿನಿಂದಲೇ ಚಾರ್ಪಿ ಪರೀಕ್ಷೆ (ನಾಚ್, ಅಂದರೆ ಕಚ್ಚು ಹಾಕಿದ ದಪ್ಪ ತುಂಡನ್ನು ಸುತ್ತಿಗೆಯಿಂದ ಬಡಿದು ಮುರಿಯುವುದು) ಮಾಡಿಸಿದಾಗ ಪೆಡಸಿಗೆ ತಿರುಗುವ ಉಷ್ಣತೆ 40 ಡಿಗ್ರಿ ಹತ್ತಿರ ಬಂತು. ಅದಕ್ಕಿಂತ ತಣ್ಣಗಿದ್ದರೆ ಆ ಬೋಲ್ಟು ಪೆಡಸು.

ನನ್ನ ತಪ್ಪು ಇಲ್ಲಿದೆ. ಬಿಲ್ಲೆಯ −100 ಮತ್ತು ಬೋಲ್ಟಿನ −100 ಒಂದೇ ಅಂದುಕೊಂಡೆ. ಬಿಲ್ಲೆಯಲ್ಲಿ ನಾಚ್ ಇಲ್ಲ. ತೆಳುವಾದ್ದರಿಂದ ಸುಲಭವಾಗಿ ಹಿಗ್ಗುತ್ತದೆ. ಗುಂಡು ನಿಮಿಷಕ್ಕೆ ಒಂದು ಮಿ.ಮೀ.ಗಿಂತ ನಿಧಾನವಾಗಿ ಇಳಿಯುತ್ತದೆ, ಚಾರ್ಪಿ ಸುತ್ತಿಗೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಬಡಿಯುತ್ತದೆ. ಹಾಗಾಗಿ ಬಿಲ್ಲೆ ಪೆಡಸಾಗುವುದು ತುಂಬಾ ಕೆಳಗೆ. ಸ್ಥೂಲವಾಗಿ, ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿದರೆ, ಚಾರ್ಪಿಯ 0.4ರಷ್ಟು. 40 ಡಿಗ್ರಿ ಅಂದರೆ 313 ಕೆಲ್ವಿನ್. ಅದರ 0.4 ಭಾಗ 125, ಅಂದರೆ −148 ಡಿಗ್ರಿ. ನಾನು ನಿಲ್ಲಿಸಿದ ಜಾಗದಿಂದ ಇನ್ನೂ 48 ಡಿಗ್ರಿ ಕೆಳಗೆ! ಆ ಬಿಲ್ಲೆಗಳು ಸುಳ್ಳು ಹೇಳಿರಲಿಲ್ಲ, ನಾನೇ ಕೇಳಬೇಕಾದಲ್ಲಿ ಕೇಳಿರಲಿಲ್ಲ.

ಆದ್ದರಿಂದ "ಎಷ್ಟು ಬಿಲ್ಲೆ" ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಉಷ್ಣತೆಗಳಲ್ಲಿ ಅಂತ ಕೇಳಿ. ಲಿಕ್ವಿಡ್ ನೈಟ್ರೋಜನ್ ಇಲ್ಲದೆ ಈ ಪರೀಕ್ಷೆಗೆ ಇಳಿಯಲೇಬೇಡಿ. ಮೇಲಿನಿಂದ −196ರವರೆಗೆ ಹಂತಹಂತವಾಗಿ ಒತ್ತಿ, ಹೀರಿಕೊಂಡ ಶಕ್ತಿ ಎಲ್ಲಿ ಕುಸಿಯುತ್ತದೆ ನೋಡಿ. 0.4 ಎಲ್ಲ ಉಕ್ಕಿಗೂ ಹೊಂದುವುದಿಲ್ಲ, ಅದಕ್ಕೆ ಹೋಲಿಕೆ ಬೇಕು. ಅದೇ ಲೋಹದ ಇನ್ನೊಂದು ಚೂರನ್ನು 600 ಡಿಗ್ರಿಗಿಂತ ಸ್ವಲ್ಪ ಮೇಲೆ, ಅದರ ಟೆಂಪರಿಂಗ್ ಉಷ್ಣತೆ (ತಯಾರಿಸುವಾಗ ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿದ ಉಷ್ಣತೆ) ದಾಟದಂತೆ ಕಾಯಿಸಿ, ಬೇಗ ತಣಿಸಿ. ಈ ಬಗೆಯ ಪೆಡಸುತನ ಬಹುಪಾಲು ಇಳಿಯುತ್ತದೆ. ಅದರಿಂದಲೂ ಬಿಲ್ಲೆ ಮಾಡಿ. ಎರಡರ ನಡುವಿನ ಅಂತರವೇ ನಿಮಗೆ ಬೇಕಾದ ಉತ್ತರ.

ದೊಡ್ಡ ತುಂಡು ಕತ್ತರಿಸಲು ಆಗುವುದಿಲ್ಲ ಅಂದಿದ್ದೀರಿ. ನಿಜವಾಗಲೂ ಆಗಲ್ವಾ? ರೋಟರ್ (ಟರ್ಬೈನಿನ ತಿರುಗುವ ಭಾಗ) ಆದರೆ ಒಪ್ಪುತ್ತೇನೆ. ಬೋಲ್ಟೋ ಸ್ಟಡ್ಡೋ ಆಗಿದ್ದರೆ ಒಂದನ್ನು ಬಿಟ್ಟುಕೊಟ್ಟು, ಮೊದಲು ಚಾರ್ಪಿ ಮಾಡಿಸಿ.