ಗುಂಡು ಸಿಗುತ್ತಿಲ್ಲ, ಸಿಕ್ಕರೂ ದುಬಾರಿ. ಶೂಟಿಂಗ್ ಹವ್ಯಾಸ ಬಿಟ್ಟುಬಿಡಲೇ?

ನಿಮ್ಮ ಪ್ರಶ್ನೆ ಇಷ್ಟು: ವಾರಾಂತ್ಯದಲ್ಲಿ ರೇಂಜಿಗೆ ಹೋಗಿ .22 ರೈಫಲ್ (ನಳಿಗೆಯ ಅಗಲ ಸುಮಾರು 0.22 ಇಂಚು) ಹೊಡೆಯುವ ಹವ್ಯಾಸ ಇದೆ. ಈಗ ಗುಂಡು ಸಿಗುವುದೇ ಅಪರೂಪ, ಸಿಕ್ಕರೆ ಬೆಲೆ ಕೇಳಿಯೇ ಸುಸ್ತಾಗುತ್ತದೆ. ಕೈಯಲ್ಲಿ ಉಳಿದಿರುವುದು ಎರಡು ಬಾಕ್ಸ್, ಅಂದರೆ 100 ಗುಂಡು. ಬಿಟ್ಟುಬಿಡುವುದಾ, ಇಲ್ಲಾ ಏನಾದರೂ ದಾರಿ ಇದೆಯಾ?

ಬಿಡಬೇಡಿ. ನಾನೂ ಇದನ್ನು ದಾಟಿ ಬಂದವನೇ. ಮೊದಲೇ ಹೇಳಿಬಿಡುತ್ತೇನೆ, ನಾನು ಪದಕ ಗೆದ್ದವನಲ್ಲ, ಸುಮ್ನೆ ಖುಷಿಗೆ ಹೊಡೆಯುವವನು. ಹಾಗಾಗಿ ಇದು ಕೋಚ್ ಹೇಳುವ ಪಾಠ ಅಲ್ಲ, ಜೇಬು ಸುಟ್ಟುಕೊಂಡವನ ಅನುಭವ.

ಗುಂಡು ಸಲೀಸಾಗಿ ಸಿಗುತ್ತಿದ್ದ ಕಾಲದಲ್ಲಿ ಎರಡು ತಾಸಿಗೆ 200 ರೌಂಡ್ ಖಾಲಿ ಮಾಡಿ ಬರುತ್ತಿದ್ದೆ. ಆಮೇಲೆ 2020 ಬಂತು, ಅಂಗಡಿಗಳ ಕಪಾಟು ಖಾಲಿಯಾಯಿತು. ತಿಂಗಳಿಗೆ 30 ಗುಂಡು ಹೊಡೆದರೆ ಅದೇ ಜಾಸ್ತಿ ಅನ್ನುವಂತಾಯಿತು. ಬೇಜಾರಿನಲ್ಲೇ ಒಂದು ನೋಟ್‌ಬುಕ್ ಇಟ್ಟೆ. ಒಂದೊಂದು ಗುಂಡಿಗೂ ಒಂದು ಸಾಲು. ಟ್ರಿಗರ್ ಒತ್ತುವ ಮುಂಚೆಯೇ ಅದು ಎಲ್ಲಿ ಬೀಳುತ್ತದೆ ಅಂತ ಊಹಿಸಿ ಹೇಳಿಕೊಳ್ಳುವುದಲ್ಲ, ಒತ್ತಿದ ಆ ಕ್ಷಣದಲ್ಲಿ ಸೈಟ್ (ಗುರಿ ನೋಡುವ ಸಾಧನ) ಎಲ್ಲಿತ್ತು ಅಂತ ಬರೆಯುವುದು. "ಬಲಕ್ಕೆ ಸ್ವಲ್ಪ ಕೆಳಗೆ" ಅಂತ ಬರೆದು, ಆಮೇಲೆ ಟಾರ್ಗೆಟ್ ನೋಡುವುದು. ನಾಲ್ಕು ತಿಂಗಳಾದ ಮೇಲೆ ನನ್ನ ಗ್ರೂಪ್, ಅಂದರೆ ಕಾಗದದ ಮೇಲೆ ಗುಂಡುಗಳು ಬಿದ್ದ ಹರವು, ಮೊದಲಿಗಿಂತ ಚಿಕ್ಕದಾಗಿತ್ತು. ಮೊದಲು ಅದೃಷ್ಟ ಅಂದುಕೊಂಡೆ. ಆಮೇಲೆ ಹಳೆಯ ದಿನಗಳನ್ನು ನೆನೆಸಿಕೊಂಡರೆ ಗೊತ್ತಾಯಿತು: ಆ 200ರಲ್ಲಿ ಗಮನ ಇಟ್ಟು ಹೊಡೆದದ್ದು ಮೊದಲ 40 ಇರಬಹುದು. ಮಿಕ್ಕಿದ್ದೆಲ್ಲ ಸದ್ದು. ಸುಸ್ತಾದ ಕೈಯಲ್ಲಿ ತಪ್ಪನ್ನೇ ಮತ್ತೆ ಮತ್ತೆ ರೂಢಿ ಮಾಡಿಕೊಳ್ಳುತ್ತಿದ್ದೆ, ಅದಕ್ಕೆ ದುಡ್ಡು ಬೇರೆ ಕೊಡುತ್ತಿದ್ದೆ.

ಇನ್ನೊಂದು ಘಟನೆ ಹೇಳಲೇಬೇಕು. ರೇಂಜಿನಲ್ಲಿ ಒಬ್ಬ ಗೆಳೆಯ ತನ್ನ ರಿವಾಲ್ವರ್ ಕೊಟ್ಟು "ಆರು ಹೊಡಿ" ಅಂದ. ನಾನು ನೋಡದ ಹಾಗೆ ಸಿಲಿಂಡರ್‌ನಲ್ಲಿ ಮೂರು ಗುಂಡು, ಮೂರು ಹೊಡೆದಾದ ಗುಂಡಿನ ಖಾಲಿ ಕೇಸ್ (ಹಿತ್ತಾಳೆಯ ಕವಚ) ತುಂಬಿ ತಿರುಗಿಸಿದ್ದ. ಮೊದಲನೆಯದು ಸಿಡಿಯಿತು. ಎರಡನೆಯದು ಬರೀ "ಟಕ್" ಅಂದಿತು. ಸದ್ದಿಲ್ಲ, ಒದೆತ ಇಲ್ಲ. ಆದರೂ ನಳಿಗೆಯ ತುದಿ ಎರಡು ಇಂಚು ಕೆಳಗೆ ಬಗ್ಗಿತು, ಯಾರಿಗೋ ನಮಸ್ಕಾರ ಮಾಡಿದ ಹಾಗೆ! ಬರಲಿರುವ ಒದೆತಕ್ಕೆ ಹೆದರಿ ಕೈ ಮೊದಲೇ ತಳ್ಳುತ್ತಿತ್ತು. ವರ್ಷಗಟ್ಟಲೆ ನನ್ನ ಗುಂಡುಗಳು ಕೆಳಗೆ ಬೀಳುತ್ತಿದ್ದದ್ದು ಇದಕ್ಕೆ. ನಾನು ಸೈಟ್ ಸರಿ ಇಲ್ಲ ಅಂತ ಅದನ್ನು ತಿರುಗಿಸುತ್ತಾ ಕೂತಿದ್ದೆ. ಮೂರೇ ಮೂರು ಗುಂಡಿನ ಖರ್ಚಿನಲ್ಲಿ ಕಲಿತ ಪಾಠ ಅದು. ಹೊಡೆಯಬಲ್ಲ ಗುಂಡು ಮತ್ತು ಡಮ್ಮಿ (ಸಿಡಿಯದ ಗುಂಡು) ಬೆರೆಸುವ ಈ ಆಟ ರೇಂಜಿನಲ್ಲಿ ಮಾತ್ರ. ಮನೆಯಲ್ಲಿ ಬೇಡವೇ ಬೇಡ.

ಮನೆಯಲ್ಲಿ ಮಾಡಬೇಕಾದದ್ದು ಡ್ರೈ ಫೈರ್. ಅಂದರೆ ಖಾಲಿ ಬಂದೂಕು ಹಿಡಿದು, ಗುರಿ ಇಟ್ಟು, ಟ್ರಿಗರ್ ಒತ್ತುವುದು. ದಿನಕ್ಕೆ ಹದಿನೈದು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಮನಸ್ಸು ಎಲ್ಲೋ ಹೋಗಿರುತ್ತದೆ. ಒಲಿಂಪಿಕ್ಸ್ ಮಟ್ಟದ ಶೂಟರ್‌ಗಳೂ ಇದನ್ನು ಬಿಡುವುದಿಲ್ಲ. ನಳಿಗೆಯ ತುದಿಯ ಮೇಲೆ ಒಂದು ನಾಣ್ಯ ಇಡಿ. ಟ್ರಿಗರ್ ಒತ್ತಿದ ಮೇಲೂ ನಾಣ್ಯ ಅಲುಗದೆ ಕೂತಿರಬೇಕು. ಮೊದಲ ದಿನ ನನ್ನ ನಾಣ್ಯ ಹತ್ತರಲ್ಲಿ ಏಳು ಸಲ ಮಂಚದ ಕೆಳಗೆ ಹೋಗಿತ್ತು. ಹುಡುಕಿ ಹುಡುಕಿ ಬೆನ್ನು ನೋವು ಬಂತು, ಅದೂ ಒಂದು ವ್ಯಾಯಾಮ ಅನ್ನಿ.

ಆದರೆ ಇದಕ್ಕೆ ಶಿಸ್ತು ಬೇಕು. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಚೇಂಬರ್, ಅಂದರೆ ಗುಂಡು ಕೂರುವ ಜಾಗ, ಕಣ್ಣಿಂದ ನೋಡಿ, ಬೆರಳಿಟ್ಟು ನೋಡಿ, ಎರಡು ಸಲ. ಗುರಿ ಇಡುವ ಗೋಡೆ ಗುಂಡು ತಡೆಯುವಂಥದ್ದಾಗಿರಲಿ, ಆಚೆ ಬದಿ ಯಾರೂ ಇರಬಾರದು. ಅಭ್ಯಾಸ ಮುಗಿಯಿತು ಅಂದ ಮೇಲೆ ಮುಗಿಯಿತು. "ಇನ್ನೊಂದೇ ಒಂದು ಸಲ" ಅಂತ ಮತ್ತೆ ಕೈಗೆತ್ತಿಕೊಂಡಾಗಲೇ ಅನಾಹುತ ಆಗುವುದು.

ನಿಮ್ಮದು .22 ಆದ್ದರಿಂದ ಇನ್ನೊಂದು ಮಾತು. ಇದು ರಿಮ್‌ಫೈರ್. ಫೈರಿಂಗ್ ಪಿನ್ ಬಡಿಯುವುದು ಕೇಸಿನ ಅಂಚಿಗೆ. ಚೇಂಬರ್ ಖಾಲಿ ಇದ್ದರೆ ಕೆಲವು ಬಂದೂಕುಗಳಲ್ಲಿ ಪಿನ್ ನೇರವಾಗಿ ಚೇಂಬರಿನ ಬಾಯಿಗೇ ಬಡಿದು ಅಲ್ಲಿ ನೆಗ್ಗು ಬೀಳುತ್ತದೆ. ಆಮೇಲೆ ಕೇಸ್ ಹೊರಗೆ ಬರಲು ಹಟ ಮಾಡುತ್ತದೆ. ಎಲ್ಲ ರೈಫಲ್‌ಗೂ ಹೀಗಾಗುವುದಿಲ್ಲ. ಮ್ಯಾನ್ಯುಯಲ್ ನೋಡಿ, ಅನುಮಾನ ಇದ್ದರೆ .22ಕ್ಕೆಂದೇ ಮಾಡಿದ ಡಮ್ಮಿ ಹಾಕಿಕೊಳ್ಳಿ.

ಈ ಅಭಾವ ಯಾಕೆ ಆಗುತ್ತದೆ ಅಂತ ತಿಳಿದರೆ ಕೋಪ ಸ್ವಲ್ಪ ಇಳಿಯುತ್ತದೆ, ಕಾಯಬೇಕಾ ಬೇಡವಾ ಅನ್ನುವುದೂ ತಿಳಿಯುತ್ತದೆ. ನಾವು ಗುಂಡು ಅನ್ನುವ ಇಡೀ ಕಾಡತೂಸಿನಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಮುಂದಿನ ಸೀಸದ ಗುಂಡು. ಇದರಲ್ಲಿ ಒಂದು ಸಿಗದಿದ್ದರೂ ಮಿಕ್ಕ ಮೂರು ದಂಡ. ಪ್ರೈಮರ್ ಮಾಡುವ ಕಾರ್ಖಾನೆಗಳು ಕಡಿಮೆ. ಅಲ್ಲಿ ಮುಟ್ಟಿದರೆ ಸಿಡಿಯುವ ವಸ್ತುವಿನ ಜೊತೆ ಕೆಲಸ, ಹೊಸ ಕಾರ್ಖಾನೆ ರಾತ್ರೋರಾತ್ರಿ ಏಳುವುದಿಲ್ಲ. ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಹತ್ತಿಯ ನಾರನ್ನೋ ಮರದ ತಿರುಳನ್ನೋ ಆಮ್ಲದಲ್ಲಿ ಹದ ಮಾಡಿ ಅದನ್ನು ತಯಾರಿಸುತ್ತಾರೆ. ಫಿರಂಗಿಗೂ ಅದೇ ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಜೋರಾದ ಮೇಲೆ ಸೇನೆಗಳ ಆರ್ಡರ್ ಮುಂದೆ ನಿಂತಿತು, ನಾವು ಹವ್ಯಾಸದವರು ಸಾಲಿನ ಕೊನೆಗೆ ಹೋದೆವು. ಇದರ ಜೊತೆಗೆ ನಮ್ಮದೇ ಗಾಬರಿ. ಸಿಗುವುದಿಲ್ಲವಂತೆ ಅನ್ನುವ ಸುದ್ದಿ ಹರಡಿದರೆ ಒಂದು ಬಾಕ್ಸ್ ಬೇಕಾದವನು ಹತ್ತು ಬಾಕ್ಸ್ ಹೊರುತ್ತಾನೆ.

ನಾನೂ ಹೊತ್ತೆ, ಸುಳ್ಳು ಯಾಕೆ ಹೇಳಲಿ. ಹೆಸರೇ ಕೇಳದ ಒಂದು .22 ಗುಂಡು ಕಾಣಿಸಿತು, ಹಿಂದೆ ಮುಂದೆ ನೋಡದೆ ಹತ್ತು ಬಾಕ್ಸ್ ತಂದೆ. ನನ್ನದು ಸೆಮಿ ಆಟೋಮ್ಯಾಟಿಕ್, ಒಂದು ಹೊಡೆದರೆ ಅದರ ಬಲದಿಂದಲೇ ಮುಂದಿನದು ತಾನಾಗಿ ತುಂಬಿಕೊಳ್ಳುವಂಥದ್ದು. ಆ ಗುಂಡು ಕಡಿಮೆ ವೇಗದ್ದು, ಬೋಲ್ಟನ್ನು (ಚೇಂಬರ್ ಮುಚ್ಚುವ ಉಕ್ಕಿನ ತುಂಡು) ಪೂರ್ತಿ ಹಿಂದಕ್ಕೆ ತಳ್ಳುವಷ್ಟು ಶಕ್ತಿ ಅದಕ್ಕಿರಲಿಲ್ಲ. ಪ್ರತಿ ಮೂರನೆಯ ಗುಂಡಿಗೆ ಕೇಸ್ ಅರ್ಧದಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಬೋಲ್ಟ್ ಆ್ಯಕ್ಷನ್ ರೈಫಲ್ (ಬೋಲ್ಟನ್ನು ಕೈಯಿಂದಲೇ ಎಳೆಯುವಂಥದ್ದು) ಇರುವ ಒಬ್ಬರು ಅದನ್ನೇ ಹೊಡೆದು "ಎಷ್ಟು ಚೆನ್ನಾಗಿದೆಯಲ್ಲ!" ಅಂದರು. ಹೊಟ್ಟೆ ಉರಿಯಿತು. ಹೊಸ ಬ್ರ್ಯಾಂಡ್ ಆದರೆ ಒಂದೇ ಬಾಕ್ಸ್ ತನ್ನಿ, ಹೊಡೆದು ನೋಡಿ, ಒಗ್ಗಿದರೆ ಅದೇ ಲಾಟ್ ನಂಬರಿನದ್ದು (ಒಟ್ಟಿಗೆ ತಯಾರಾದ ಕಂತಿನದ್ದು) ಇನ್ನಷ್ಟು ತನ್ನಿ. .22ರಲ್ಲಿ ಒಂದೇ ಕಂಪನಿಯ ಎರಡು ಲಾಟ್‌ಗಳೇ ಬೇರೆ ಬೇರೆ ಥರ ಬೀಳುವುದುಂಟು. ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಸೈಟ್ ಮತ್ತೆ ಹೊಂದಿಸಲು ಹತ್ತು ಹದಿನೈದು ಗುಂಡು ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಗ್ಗ ಅಂತ ತಂದದ್ದು ಅಲ್ಲೇ ದುಬಾರಿ ಆಗಿಬಿಡುತ್ತದೆ.

ನಾನು ಈಗ ಮಾಡುವುದು ಇಷ್ಟೇ. ಸಿಕ್ಕಾಗ ಒಂದು ಬಾಕ್ಸ್ ಜಾಸ್ತಿ ತರುತ್ತೇನೆ, ಹಳೆಯದನ್ನು ಮೊದಲು ಹೊಡೆಯುತ್ತೇನೆ. ತೇವ ಮತ್ತು ಬಿಸಿಲು ತಾಗದ ಹಾಗೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಗುಂಡು ದಶಕಗಟ್ಟಲೆ ಕೆಡುವುದಿಲ್ಲ. ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು ನಿಮ್ಮ ಲೈಸೆನ್ಸ್ ಮತ್ತು ಕಾನೂನಿಗೆ ಬಿಟ್ಟದ್ದು, ಅದನ್ನು ಮೀರಬೇಡಿ. ಹಸಿರು ಕಿಲುಬು ಹತ್ತಿದ ಗುಂಡನ್ನು, ಗುರುತಿಲ್ಲದವರು ಮನೆಯಲ್ಲಿ ತುಂಬಿದ ಕಾಡತೂಸನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಟ್ರಿಗರ್ ಒತ್ತಿದ ಮೇಲೆ ಗುಂಡು ಸಿಡಿಯದಿದ್ದರೆ ಕೂಡಲೇ ಬೋಲ್ಟ್ ತೆಗೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ಕೆಲವು ತಡವಾಗಿ ಸಿಡಿಯುತ್ತವೆ.

ಕೇಸ್ ಉಳಿಸಿಕೊಂಡು ನಾವೇ ಮತ್ತೆ ತುಂಬಿಕೊಂಡರೆ ಹೇಗೆ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. .22ಕ್ಕೆ ಅದು ಆಗದ ಮಾತು. ಅದರ ಪ್ರೈಮರ್ ವಸ್ತು ಕೇಸಿನ ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದರೆ ಅಂಚು ಚಪ್ಪಟೆ. ಸೆಂಟರ್‌ಫೈರ್ (ಪ್ರೈಮರ್ ಕೇಸಿನ ತಳದ ನಡುವೆ ಇರುವಂಥದ್ದು) ಇರುವವರಿಗೆ, ಕಾನೂನು ಒಪ್ಪಿದರೆ, ಅದು ಒಳ್ಳೆಯ ದಾರಿ. ಆದರೆ ಮೆಷಿನ್ನಿಗೆ ಹಾಕಿದ ದುಡ್ಡು ವಾಪಸ್ ಬರಲು ಸಾವಿರಾರು ಗುಂಡು ಬೇಕು, ಮತ್ತು ಅಭಾವದ ಕಾಲದಲ್ಲಿ ಪ್ರೈಮರ್ ಮತ್ತು ಮದ್ದೂ ಮಾಯವಾಗುತ್ತವೆ. ಉಳಿತಾಯಕ್ಕೆ ಅಂತ ಶುರು ಮಾಡಿದವರು ಮೊದಲಿಗಿಂತ ಜಾಸ್ತಿ ಹೊಡೆದು ಅಷ್ಟೇ ಖರ್ಚು ಮಾಡುವುದನ್ನೂ ನೋಡಿದ್ದೇನೆ.

ನಿಜವಾದ ಪರಿಹಾರ ಬೇಕೆಂದರೆ ಏರ್ ರೈಫಲ್ ತೆಗೆದುಕೊಳ್ಳಿ. ಮಕ್ಕಳ ಆಟಿಕೆ ಅಂತ ನಾನೂ ನಕ್ಕವನೇ. 1984ರ ಲಾಸ್ ಏಂಜಲೀಸ್‌ನಿಂದ ಅದು ಒಲಿಂಪಿಕ್ಸ್‌ನಲ್ಲಿದೆ. 10 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಎಷ್ಟು ಗೊತ್ತಾ? ಅರ್ಧ ಮಿಲಿಮೀಟರ್. ಏರ್ ರೈಫಲ್ ಹೊಡೆಯುವ ಪೆಲೆಟ್‌ನ ಅಗಲ 4.5 ಮಿಲಿಮೀಟರ್. ಅಂದರೆ ಹೊಡೆಯುವ ವಸ್ತುವೇ ಗುರಿಗಿಂತ ಒಂಬತ್ತು ಪಟ್ಟು ದೊಡ್ಡದು! ಪ್ಯಾರಿಸ್ 2024ರಲ್ಲಿ ಒಂದು ಕೈ ಜೇಬಿನಲ್ಲಿಟ್ಟುಕೊಂಡು ಬೆಳ್ಳಿ ಗೆದ್ದು ಜಗತ್ತಿಗೆಲ್ಲ ಮೀಮ್ ಆದ ಟರ್ಕಿಯ ಯೂಸುಫ್ ಡಿಕೆಚ್ ಹಿಡಿದಿದ್ದೂ ಏರ್ ಪಿಸ್ತೂಲೇ.

ಪೆಲೆಟ್‌ಗೆ ಪ್ರೈಮರ್ ಬೇಡ, ಮದ್ದು ಬೇಡ, ಕೇಸ್ ಬೇಡ. ಸೀಸದ ಚೂರು ಅಷ್ಟೇ. ಹಾಗಾಗಿ ಮೇಲೆ ಹೇಳಿದ ಅಭಾವದ ಬಿಸಿ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಇನ್ನೊಂದು ಲಾಭ, ಪೆಲೆಟ್ ನಿಧಾನ. .22 ಗುಂಡಿನ ಸುಮಾರು ಅರ್ಧ ವೇಗ. ನಳಿಗೆಯೊಳಗೆ ಅದು ಜಾಸ್ತಿ ಹೊತ್ತು ಇರುತ್ತದೆ, ಆ ಹೊತ್ತಿನಲ್ಲಿ ನೀವು ತಲೆ ಎತ್ತಿದರೆ, ಭುಜ ಸಡಿಲ ಬಿಟ್ಟರೆ, ಟಾರ್ಗೆಟ್ ತಕ್ಷಣ ಚಾಡಿ ಹೇಳುತ್ತದೆ. ಆರು ತಿಂಗಳು ಏರ್ ರೈಫಲ್ ಹೊಡೆದು .22ಗೆ ವಾಪಸ್ ಬಂದಾಗ ನನಗೆ ಅದು ಸುಲಭ ಅನಿಸಿತು. ಪೆಲೆಟ್ ತುಂಬಿದ ಕೈಯನ್ನು ಏನಾದರೂ ತಿನ್ನುವ ಮುಂಚೆ ಸೋಪು ಹಾಕಿ ತೊಳೆಯಿರಿ. ಸೀಸ ಒಳ್ಳೆಯದಲ್ಲ.

ಹಾರುವ ತಟ್ಟೆ ಹೊಡೆಯುವ ಶಾಟ್‌ಗನ್ನಿನವರ ಕಷ್ಟ ಬೇರೆ, ಅವರಿಗೆ ಏರ್ ರೈಫಲ್‌ನಿಂದ ಉಪಯೋಗ ಕಡಿಮೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲೇ 24 ಗ್ರಾಂ ತೂಕದ ಲೋಡ್ (ಕಾಡತೂಸಿನೊಳಗಿನ ಚರೆ) ಬಳಸುತ್ತಾರೆ, ಅಭ್ಯಾಸಕ್ಕೆ ಭಾರದ ಲೋಡ್ ಯಾಕೆ ಅಂತ ಮಾತ್ರ ಕೇಳುತ್ತೇನೆ. ಖಾಲಿ ಗನ್ ಹಿಡಿದು, ಗೋಡೆ ಮತ್ತು ಚಾವಣಿ ಸೇರುವ ಗೆರೆಯುದ್ದಕ್ಕೂ ನಳಿಗೆ ತೇಲಿಸುವ ಅಭ್ಯಾಸಕ್ಕೆ ಖರ್ಚೇ ಇಲ್ಲ.

ಈಗ ನಿಮ್ಮ 100 ಗುಂಡಿನ ವಿಷಯ. ನಾನಾಗಿದ್ದರೆ 20 ಎತ್ತಿಟ್ಟುಬಿಡುತ್ತಿದ್ದೆ. ಮುಂದೆ ಬೇರೆ ಬ್ರ್ಯಾಂಡ್ ಸಿಕ್ಕಾಗ ಹೋಲಿಸಿ ನೋಡಲು ಬೇಕಾಗುತ್ತದೆ. ಮಿಕ್ಕ 80ನ್ನು ಎಂಟು ಭೇಟಿಗೆ ಹಂಚಿ. ಒಂದು ಸಲಕ್ಕೆ ಹತ್ತು, ಐದೈದರ ಎರಡು ಕಾಗದ. ಮೊದಲ ಗುಂಡಿಗೆ ಮುಂಚೆ ಅಲ್ಲೇ ಇಪ್ಪತ್ತು ಡ್ರೈ ಫೈರ್ ಮಾಡಿ, ಎರಡು ಗುಂಡಿನ ನಡುವೆ ಒಂದೊಂದು. ಕಾಗದಕ್ಕೆ ತಾರೀಖು ಬರೆದು ಮನೆಗೆ ತನ್ನಿ, ಬಿಸಾಡಬೇಡಿ. ಹತ್ತೇ ಗುಂಡಿಗೆ ಅಷ್ಟು ದೂರ ಹೋಗಬೇಕಾ ಅಂತ ಮೊದಲ ಎರಡು ಸಲ ಖಂಡಿತ ಅನಿಸುತ್ತದೆ. ನನಗೂ ಅನಿಸಿತ್ತು.

ನಿಮ್ಮ ರೈಫಲ್ ಬೋಲ್ಟ್ ಆ್ಯಕ್ಷನ್ನಾ, ಸೆಮಿ ಆಟೋನಾ ಅಂತ ಕಾಮೆಂಟಿನಲ್ಲಿ ಹೇಳಿ. ಯಾವ ಥರದ ಗುಂಡು ಹುಡುಕಬೇಕು ಅನ್ನುವುದು ಅದರ ಮೇಲೆ ನಿಂತಿದೆ.