ಡಾಕ್ಟರ್ ಮೇಲೆ ನಂಬಿಕೆ ಇದ್ರೆ ಔಷಧಿ ಜಾಸ್ತಿ ಕೆಲ್ಸ ಮಾಡುತ್ತಾ?

ಸ್ವಲ್ಪ ಮಟ್ಟಿಗೆ ಹೌದು, ಅದ್ರಲ್ಲೂ ನೋವು, ವಾಕರಿಕೆ ಥರದ್ರಲ್ಲಿ. ಬಸವನಗುಡಿಲಿದ್ದ ನಮ್ಮಜ್ಜಿ ಇಂಜೆಕ್ಷನ್ ಕೊಡದಿರೋರನ್ನ ಡಾಕ್ಟರ್ ಅಂತಾನೇ ಒಪ್ತಿರ್ಲಿಲ್ಲ, ಸೂಜಿ ಚುಚ್ಚಿಸ್ಕೊಂಡು ಆಚೆ ಬಂದು ಚಪ್ಪಲಿ ಹಾಕ್ಕೊಳೋಷ್ಟ್ರಲ್ಲೇ "ಈಗ ಎಷ್ಟೋ ವಾಸಿ ಕಣೋ" ಅನ್ನೋರು, ಔಷಧಿ ಇನ್ನೂ ಕೆಲ್ಸಾನೇ ಶುರು ಮಾಡಿರಲ್ಲ! ಆದ್ರೆ ಇದು ಬರೀ ಭ್ರಮೆ ಅಲ್ಲ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸ್ಕೊಂಡೋರ ಮೇಲೆ ಒಂದು ಸ್ಟಡಿ ಮಾಡಿದ್ರು, ಡಮ್ಮಿ ಔಷಧಿಗೇ ನೋವು ಕಮ್ಮಿಯಾಗಿದ್ದೋರಿಗೆ ನಲಾಕ್ಸೋನ್ ಅನ್ನೋ, ಮಾರ್ಫಿನ್ ಥರದ ನೋವು ನಿವಾರಕಗಳ ಪರಿಣಾಮ ತಡೆಯೋ ಔಷಧಿ ಕೊಟ್ರೆ ನೋವು ಮತ್ತೆ ಜಾಸ್ತಿ ಆಯ್ತು, ಅಂದ್ರೆ ವಾಸಿಯಾಗುತ್ತೆ ಅನ್ನೋ ನಿರೀಕ್ಷೆಗೆ ಮೆದುಳು ತಾನೇ ಎಂಡಾರ್ಫಿನ್ ಅನ್ನೋ ನೋವು ತಗ್ಗಿಸೋ ರಾಸಾಯನಿಕ ಬಿಡ್ತಿತ್ತು, ನಲಾಕ್ಸೋನ್ ಅದನ್ನ ಬ್ಲಾಕ್ ಮಾಡ್ತು ಅಂತ ಲೆಕ್ಕ. ಉಲ್ಟಾನೂ ಆಗುತ್ತೆ, ಮಾತ್ರೆ ಡಬ್ಬಿಲಿರೋ ಸೈಡ್ ಎಫೆಕ್ಟ್ ಚೀಟಿ ಪೂರ್ತಿ ಓದ್ಕೊಂಡು ಕೂತ್ರೆ ಇಲ್ಲದ ತಲೆಸುತ್ತು ಬಂದ್ಬಿಡಬಹುದು, ಅದಕ್ಕೆ ನೊಸೀಬೊ ಅಂತಾರೆ. ಗೆಡ್ಡೆ, ಇನ್ಫೆಕ್ಷನ್ ಮಾತ್ರ ಇದಕ್ಕೆಲ್ಲ ಜಗ್ಗಲ್ಲ.