2014–15ರ ಐ-ಲೀಗ್: ಬೆಂಗಳೂರು ಎಫ್‌ಸಿ (ಬಿಎಫ್‌ಸಿ) 1–0ರಲ್ಲೇ ಮುಗಿಸಿದ್ದರೆ?

ದೇಶದ ಆಗಿನ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ, ಕಂಠೀರವದಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ವಿರುದ್ಧ ನಡೆದ ಕೊನೇ ಪಂದ್ಯವನ್ನು ಬೆಂಗಳೂರು 1–0ರಲ್ಲಿ ಗೆದ್ದಿದ್ದರೆ ಪಾಯಿಂಟ್ ಸಮವಾಗಿ ಗೋಲು ವ್ಯತ್ಯಾಸ ನೋಡಬೇಕಾಗುತ್ತಿತ್ತಾ ಅಂತ ಕೇಳಿದ್ದೀರಿ. ಇಲ್ಲ, ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. 11 ತಂಡ, ತಲಾ 20 ಪಂದ್ಯ. 19 ಮುಗಿದಾಗ ಮೋಹನ್ ಬಗಾನ್ 38 ಪಾಯಿಂಟ್, ಬಿಎಫ್‌ಸಿ 36. ಗೆದ್ದಿದ್ದರೆ 3 ಪಾಯಿಂಟ್ ಸೇರಿ 39–38, ಕಪ್ ನೇರವಾಗಿ ಬೆಂಗಳೂರಿಗೆ. ಬಗಾನ್‌ಗೆ ಡ್ರಾ ಸಾಕಿತ್ತು.

2015ರ ಮೇ 31. ಮೊದಲಾರ್ಧದ ಕೊನೆಗೆ, 41ನೇ ನಿಮಿಷದಲ್ಲಿ, ಬಿಎಫ್‌ಸಿ ಡಿಫೆಂಡರ್ ಜಾನ್ ಜಾನ್ಸನ್ ಗೋಲು ಹೊಡೆದರು. ಅಲ್ಲಿಂದ 87ನೇ ನಿಮಿಷದವರೆಗೆ ಲೆಕ್ಕದಲ್ಲಿ ಬಿಎಫ್‌ಸಿಯೇ ಚಾಂಪಿಯನ್. ಆಗ ಬಗಾನ್‌ನ ಸೋನಿ ನಾರ್ಡೆ ಕಾರ್ನರ್, ಬೆಲ್ಲೊ ರಜಾಕ್ ತಲೆ, 1–1. ಎರಡೂ ಗೋಲು ಡಿಫೆಂಡರ್‌ಗಳದ್ದೇ ಅನ್ನೋದು ತಮಾಷೆ.

ಆದರೆ ಬರೀ ಆ ಹೆಡರ್ ಮೇಲೆ ತಪ್ಪು ಹೊರಿಸಬೇಡಿ. ಬಗಾನ್ 11 ಗೆಲುವು, 6 ಡ್ರಾ, 3 ಸೋಲು: 39. ಬಿಎಫ್‌ಸಿ 10, 7, 3: 37. ಸೋಲು ಇಬ್ಬರಿಗೂ ಸಮ. ಒಂದು ಡ್ರಾ ಅಂದರೆ 2 ಪಾಯಿಂಟ್ ಕೈಬಿಟ್ಟಂತೆ. ಹಿಂದಿನ ಆರು ಡ್ರಾಗಳಲ್ಲಿ ಒಂದನ್ನು ಗೆದ್ದುಕೊಂಡಿದ್ದರೂ ಆ ದಿನ 1–1 ಆದಮೇಲೆ ತಂಡಗಳು 39ರಲ್ಲಿ ಸಮವಾಗಿ, ನೀವು ಕೇಳಿದ ಪ್ರಶ್ನೆ ನಿಜಕ್ಕೂ ಏಳುತ್ತಿತ್ತು.

ಪಟ್ಟಿಯ ಕೆಳಗಿನ ಸಾಲಿನ ಬಗ್ಗೆ, ಅಂದರೆ ಹಿಂಬಡ್ತಿ (ಕೆಳ ದರ್ಜೆಯ ಲೀಗ್‌ಗೆ ಇಳಿಯುವುದು) ಯಾರಿಗೆ ಅಂತಲೂ ಕೇಳಿದ್ದಿರಿ. ಕೊನೇ ಸ್ಥಾನ ಪುಣೆಯ ಭಾರತ್ ಎಫ್‌ಸಿಯದು, ಆದರೆ ನೇರ ಪ್ರವೇಶ ಪಡೆದ ಹೊಸ ತಂಡವಾದ್ದರಿಂದ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಹಾಗಾಗಿ ಅದರ ಮೇಲಿನ ಸ್ಥಾನದಲ್ಲಿದ್ದ, ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಗೋವಾದ ಡೆಂಪೊ ಕೆಳಗಿಳಿಯಿತು.